ಹಲಗಲಿಯ ಲಾವಣಿ ಮತ್ತು ಫ್ಲೀಟ್ ಸಾಹೇಬರ ಕಪಾಟು

ಜನಪದ ಹಾಡುಗಳನ್ನು ಹೊಗಳುವುದರಲ್ಲಿ ನಮ್ಮ ವಿಮರ್ಶಕರು ಧಾರಾಳಿಗಳು. ಓದುವುದರಲ್ಲಿ ಮಾತ್ರ ಕೈ ಬಿಗಿ. ಹಲಗಲಿ ಬೇಡರ ಲಾವಣಿ ಪಠ್ಯಪುಸ್ತಕದಲ್ಲಿ ಬಂದಿದೆ, ಭಾಷಣಗಳಲ್ಲಿಯೂ ಬರುತ್ತದೆ. ಕಾವ್ಯವೆಂದು ಅದನ್ನು ತೂಗಿ ನೋಡಿದವರು ಕಡಮೆ.

ಸಂಗತಿ ವಾಚಕರಿಗೆ ತಿಳಿದದ್ದೇ. 1857ರಲ್ಲಿ ಕುಂಪಣಿ ಸರಕಾರವು ಜನರ ಆಯುಧಗಳನ್ನು ಕಸಿಯಲು ಕಾನೂನು ಮಾಡಿತು. ಕಲಾದಗಿ ಸೀಮೆಗೆ ಹತ್ತಿಕೊಂಡಿದ್ದ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಒಪ್ಪಲಿಲ್ಲ. ಹತಾರ ಹೋದರೆ ಜೀವ ಹೋದಂತೆಯೇ ಎಂದರು. ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು.

ಈ ಹಾಡನ್ನು ಇಂಗ್ಲಿಷ್ ಅನುವಾದದೊಡನೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದವರು ಶಾಸನಪಂಡಿತರಾದ ಜೆ. ಎಫ್. ಫ್ಲೀಟ್ ಸಾಹೇಬರು, ಬ್ರಿಟಿಷ್ ಸರಕಾರದ ಅಧಿಕಾರಿಗಳೇ. ಆ ಋಣವನ್ನು ಅಲ್ಲಗಳೆಯಲಾಗದು. ಆದರೆ ಶಾಸನಗಳ ಪಕ್ಕದಲ್ಲಿ ಅಚ್ಚಾದ ಹಾಡು ಒಂದು ಮಾದರಿಯ ವಸ್ತುವಾಯಿತು: ಭಾಷೆಯವರಿಗೆ ರೂಪ, ಇತಿಹಾಸದವರಿಗೆ ಆಧಾರ. ಸಾಹೇಬರಿಂದ ನಾವು ಹಾಡನ್ನು ಮರಳಿ ಪಡೆದೆವು; ಅದನ್ನಿಟ್ಟಿದ್ದ ಕಪಾಟನ್ನೂ ಜತೆಗೇ ತಂದುಕೊಂಡೆವು.

ಹಾಡಿನ ಕೊನೆಯ ಭಾಗವನ್ನು ನೋಡಿರಿ. ದಂಡಿನವರು ಒಯ್ದುದನ್ನು ಕವಿ ಒಂದೊಂದಾಗಿ ಎಣಿಸುತ್ತಾನೆ. ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುಕಲ್ಲು! ಹತಾರ ಕೇಳಲು ಬಂದವರಿಗೆ ಬೀಸುಕಲ್ಲೇಕೆ? ಈ ಪ್ರಶ್ನೆಯನ್ನು ಕವಿ ಬಾಯಿಬಿಟ್ಟು ಕೇಳುವುದಿಲ್ಲ. ವೀರಾವೇಶದ ಧಾಟಿ ಇಲ್ಲಿ ಥಟ್ಟನೆ ಅಡಿಗೆಮನೆಗೆ ಇಳಿಯುತ್ತದೆ. ಸರಕಾರದ ಕಣ್ಣಿಗೆ ದಂಗೆಕೋರರ ಠಾಣೆಯಾಗಿದ್ದ ಊರು, ಈ ಪಟ್ಟಿಯಿಂದಾಗಿ, ಹೆಂಗಸರು ಬೆಳಗಿನಲ್ಲಿ ಬೀಸುತ್ತಿದ್ದ ಊರಾಗಿ ಕಾಣುತ್ತದೆ. ಇದನ್ನು ಬರಿಯ 'ಗ್ರಾಮ್ಯ ವಿವರ'ವೆಂದು ದಾಟಿಹೋಗುವವನು ಕಾವ್ಯವನ್ನು ಬಲ್ಲವನಲ್ಲ.

ಕವಿಯ ಹೆಸರು ಹಾಡಿನಲ್ಲಿಲ್ಲ. ಕುರ್ತಕೋಟಿಯ ಕಲ್ಮೇಶನ ಅಂಕಿತವುಂಟು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳಂತೂ ಅಳಿಯದೆ ನಿಂತಿವೆ. ಹಳ್ಳಿಗೆ ಪತ್ರಿಕೆ ಬಾರದ ಕಾಲದಲ್ಲಿ ಲಾವಣಿಕಾರನೇ ವರದಿಗಾರ, ಅವನ ದನಿಯೇ ಅಚ್ಚುಕೂಟ.

ಇತ್ತೀಚಿನ ದೇಶಭಕ್ತಿಯ ವ್ಯಾಖ್ಯಾನವೂ ನನಗೆ ಅಷ್ಟಾಗಿ ಸರಿಕಾಣದು. ಸ್ವರಾಜ್ಯದ ಮಾತನ್ನು ಕವಿಯ ಬಾಯಿಗೆ ತುರುಕಿದರೆ, ಬೇಡರ ಸ್ವಂತ ಮಾತು ಎರಡನೆಯ ಸಲ ಅಡಗಿಹೋಗುತ್ತದೆ. ಹತಾರ ಅವರ ಬದುಕು, ಅವರ ಮಾನ. ಅವರ ಜಗಳಕ್ಕೆ ಅಷ್ಟು ಕಾರಣ ಸಾಲದೆ?

ತರಗತಿಗಳಲ್ಲಿ ನಾವು 'ಹತಾರ ಎಂದರೆ ಆಯುಧ' ಎಂದು ಅರ್ಥ ಬರೆಸಿ ಮುಂದೆ ಹೋಗುತ್ತೇವೆ. ಬೀಸುಕಲ್ಲಿನ ಸ್ವಾರಸ್ಯವನ್ನು ಕೇಳಿದ ಪ್ರಶ್ನೆಪತ್ರಿಕೆ ನನ್ನ ಕಣ್ಣಿಗಿನ್ನೂ ಬಿದ್ದಿಲ್ಲ.