ಪೊಲೀಸರು ಬಿಟ್ಟವರನ್ನು ಕೋರ್ಟು ಕರೆಯುವುದು ಯಾವಾಗ?

ಹರಿಯಾಣದ ನೂಹ್ ಪ್ರದೇಶದ ಹೈನುಗಾರ ಪೆಹ್ಲೂ ಖಾನ್ ಜೈಪುರದಲ್ಲಿ ದನ ಕೊಂಡು ಊರಿಗೆ ಮರಳುತ್ತಿದ್ದರು. 2017ರ ಏಪ್ರಿಲ್ 1ರಂದು ರಾಜಸ್ಥಾನದ ಬೆಹ್ರೋರ್ ಬಳಿ ಹೆದ್ದಾರಿಯಲ್ಲಿ ಗುಂಪೊಂದು ಅವರನ್ನು ಥಳಿಸಿತು. ಎರಡು ದಿನಗಳ ಬಳಿಕ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸಾಯುವ ಮೊದಲು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಆರು ಮಂದಿಯ ಹೆಸರು ಹೇಳಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಪೊಲೀಸರು ಆ ಆರು ಮಂದಿಯನ್ನೂ ಪ್ರಕರಣದಿಂದ ಕೈಬಿಟ್ಟರು. ಘಟನೆಯ ಹೊತ್ತಿಗೆ ಅವರು ಗೋಶಾಲೆಯಲ್ಲಿದ್ದರೆಂದು ಅಲ್ಲಿನ ನೌಕರರು ಹೇಳಿದ್ದಾರೆ, ಮೊಬೈಲ್ ದಾಖಲೆಯೂ ಅದನ್ನೇ ಹೇಳುತ್ತದೆ ಎಂಬುದು ಅವರು ಕೊಟ್ಟ ಕಾರಣ. ವಿಚಾರಣೆ ನಡೆದದ್ದು ಬೇರೆ ಆರು ಮಂದಿಯ ಮೇಲೆ. 2019ರ ಆಗಸ್ಟ್ 14ರಂದು ಅಲ್ವರ್ ನ್ಯಾಯಾಲಯ ಸಂಶಯದ ಲಾಭ ನೀಡಿ ಅವರನ್ನೂ ಖುಲಾಸೆಗೊಳಿಸಿತು.

ಸತ್ತವರು ಹೆಸರಿಸಿದವರು ಕಟಕಟೆಯಲ್ಲಿರಲಿಲ್ಲ. ಕಟಕಟೆಯಲ್ಲಿದ್ದವರನ್ನು ಸತ್ತವರು ಹೆಸರಿಸಿರಲಿಲ್ಲ. ಆ ಮೊದಲ ಆರು ಮಂದಿ ತಪ್ಪಿತಸ್ಥರೇ ಅಲ್ಲವೇ ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಗೋಶಾಲೆಯ ನೌಕರರ ಮಾತನ್ನು ತೂಗಿದ್ದು ತನಿಖಾಧಿಕಾರಿಯೇ ಹೊರತು ಆ ಆರು ಮಂದಿಯ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲ. ಅಂಥ ವಿಚಾರಣೆ ನಡೆಯಲೇ ಇಲ್ಲ.

ಹಾಗಾದರೆ ಆರೋಪಿಗಳು ಯಾರೆಂದು ಕೊನೆಯದಾಗಿ ನಿರ್ಧರಿಸುವವರು ಪೊಲೀಸರೇ? ಕಾನೂನು ಅಲ್ಲ ಎನ್ನುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 319ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 358ನೇ ಕಲಮು, ಈ ವಿಷಯಕ್ಕೇ ಮೀಸಲು. ಆರೋಪಿಯಲ್ಲದ ವ್ಯಕ್ತಿಯೊಬ್ಬ ಅಪರಾಧ ಮಾಡಿರುವನೆಂದು ಸಾಕ್ಷ್ಯದಿಂದ ಕಂಡುಬಂದರೆ ಕೋರ್ಟು ಅವನನ್ನೂ ಕರೆಸಿ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಬಹುದು. ಯಾರೂ ಅರ್ಜಿ ಹಾಕದಿದ್ದರೂ ತಾನಾಗಿಯೇ ಹಾಗೆ ಮಾಡಬಹುದು. ಬ್ರಿಟಿಷರ 1898ರ ಸಂಹಿತೆಯಲ್ಲಿ ಈ ಅಧಿಕಾರ ಕೋರ್ಟಿನಲ್ಲಿ ಹಾಜರಿದ್ದವನ ಮೇಲೆ ಮಾತ್ರ ನಡೆಯುತ್ತಿತ್ತು. ಕಾನೂನು ಆಯೋಗದ 41ನೇ ವರದಿಯ ಸಲಹೆಯಂತೆ ಅದನ್ನು ಹಿಗ್ಗಿಸಲಾಯಿತು.

2014ರ ಜನವರಿ 10ರಂದು ಹರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಕಲಮನ್ನು ವಿವರವಾಗಿ ಪರಿಶೀಲಿಸಿತು. ಅಪರಾಧಿ ತಪ್ಪಿಸಿಕೊಂಡರೆ ಖಂಡನೆಗೊಳಗಾಗುವವನು ನ್ಯಾಯಾಧೀಶ ಎಂಬ ಹಳೆಯ ರೋಮನ್ ನ್ಯಾಯಸೂತ್ರವೇ ಈ ಕಲಮಿನ ಮೂಲವೆಂದು ಪೀಠ ಹೇಳಿತು. ಸಾಕ್ಷಿಯ ಪಾಟೀಸವಾಲು ಮುಗಿಯುವವರೆಗೆ ಕಾಯಬೇಕಿಲ್ಲ, ಮುಖ್ಯ ವಿಚಾರಣೆಯಲ್ಲಿ ನುಡಿದ ಮಾತೇ ಸಾಕು ಎಂದಿತು. ಇಷ್ಟೂ ಸ್ವಾಗತಾರ್ಹ. ಆದರೆ ಅದೇ ತೀರ್ಪು ಅಳತೆಗೋಲನ್ನು ಎತ್ತರಿಸಿತು. ಆರೋಪ ಹೊರಿಸಲು ಬೇಕಾದ ಮೇಲ್ನೋಟದ ಸಾಕ್ಷ್ಯ ಇಲ್ಲಿ ಸಾಲದು. ಅದಕ್ಕಿಂತ ಬಲವಾದದ್ದು ಬೇಕು.

ಇದರ ಪರಿಣಾಮವನ್ನು ಗಮನಿಸಿ. ಪೊಲೀಸರು ಆರೋಪಪಟ್ಟಿಯಲ್ಲಿ ಸೇರಿಸಿದವನನ್ನು ವಿಚಾರಣೆಗೆ ಒಳಪಡಿಸಲು ಕಡಿಮೆ ಸಾಕ್ಷ್ಯ ಸಾಕು. ಅವರು ಬಿಟ್ಟವನನ್ನು ಒಳಪಡಿಸಲು ಹೆಚ್ಚು ಬೇಕು. ಅಂದರೆ ಪೊಲೀಸರ ಲೇಖನಿಯನ್ನು ಮೀರಲೆಂದೇ ಇರುವ ಕಲಮಿನಲ್ಲಿ ಆ ಲೇಖನಿಗೆ ಮತ್ತೆ ತೂಕ ಸಿಕ್ಕಿತು! ಅದೇ 2017ರಲ್ಲಿ ರಾಜಸ್ಥಾನದ್ದೇ ಬ್ರಿಜೇಂದ್ರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆರೋಪಿತರು ಸ್ಥಳದಲ್ಲಿರಲಿಲ್ಲವೆಂಬುದಕ್ಕೆ ತನಿಖೆಯಲ್ಲಿ ಆಧಾರ ಸಿಕ್ಕಿರುವಾಗ, ಸಾಕ್ಷಿಗಳು ಹಳೆಯ ಹೇಳಿಕೆಯನ್ನೇ ಕೋರ್ಟಿನಲ್ಲಿ ಪುನರುಚ್ಚರಿಸಿದರೆ ಸಾಲದು ಎಂದಿತು. ಸಂತ್ರಸ್ತನ ಬಳಿ ತಾನು ಕಂಡದ್ದರ ಹೊರತು ಇನ್ನೇನು ತಾನೇ ಇರುತ್ತದೆ?

ಪೊಲೀಸರ ಮೇಲೆಯೇ ಆರೋಪ ಬಂದರೆ ಬಾಗಿಲಿಗೆ ಇನ್ನೊಂದು ಬೀಗ. ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯವಾದರೆ ಸರಕಾರದ ಅನುಮತಿಯಿಲ್ಲದೆ ಈ ಕಲಮಿನಡಿಯಲ್ಲೂ ಅವರನ್ನು ಕರೆಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ. ಸರಕಾರ 120 ದಿನಗಳೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಹೊಸ ಸಂಹಿತೆ ಹೇಳಿರುವುದು ಸ್ವಲ್ಪ ಸಮಾಧಾನದ ಸಂಗತಿ.

ನ್ಯಾಯಾಲಯಗಳ ಎಚ್ಚರಿಕೆಗೆ ಕಾರಣವಿಲ್ಲವೆಂದಲ್ಲ. ವರದಕ್ಷಿಣೆ ಪ್ರಕರಣಗಳಲ್ಲಿ ದೂರದೂರಿನ ನಾದಿನಿ, ಅವಳ ಗಂಡ, ಮುದಿ ಅತ್ತೆಯವರೆಗೆ ಹೆಸರು ಸೇರಿಸುವುದು ಹೊಸತೇನಲ್ಲ. ಗಲಭೆ ನಡೆದಾಗ ‘ಮತ್ತು ಇತರರು’ ಎಂಬ ಎರಡು ಪದಗಳಿಂದ ಇಡೀ ಮೊಹಲ್ಲಾವನ್ನೇ ಎಳೆಯಬಹುದೆಂಬುದು ನಮ್ಮ ಸಮುದಾಯಕ್ಕೆ ಚೆನ್ನಾಗಿ ಗೊತ್ತು. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬ ಹೊರಬೇಕಿಲ್ಲವೆಂಬುದು ಕುರ್‌ಆನಿನ ಬೋಧನೆ. ನಮಗೆ ಪ್ರಿಯವಾದ ಪ್ರಕರಣದಲ್ಲಿ ಬಾಗಿಲು ಅಗಲವಾಗಿ ತೆರೆಯಲಿ, ನಮ್ಮವರು ಸಿಕ್ಕಿಬಿದ್ದಾಗ ಮುಚ್ಚಲಿ ಎಂದು ಬಯಸುವುದು ನ್ಯಾಯದ ಬೇಡಿಕೆಯಾಗುವುದಿಲ್ಲ.

ಆದರೆ ನಿರಪರಾಧಿಗೆ ಬೇಕಾದ ರಕ್ಷಣೆಯನ್ನು ಈ ಕಲಮು ಆಗಲೇ ಕೊಟ್ಟಿದೆ. ಹೊಸದಾಗಿ ಸೇರಿಸಲ್ಪಟ್ಟವನ ಮಟ್ಟಿಗೆ ವಿಚಾರಣೆ ಮೊದಲಿನಿಂದ ಆರಂಭವಾಗಬೇಕು, ಎಲ್ಲ ಸಾಕ್ಷಿಗಳನ್ನೂ ಮತ್ತೆ ಕೇಳಬೇಕು. ಇದರ ಜೊತೆಗೆ, ಆತ ಏನು ಮಾಡಿದನೆಂದು ಯಾವ ಸಾಕ್ಷಿ ಯಾವ ಮಾತಿನಲ್ಲಿ ಹೇಳಿದ್ದಾನೆಂಬುದನ್ನು ನ್ಯಾಯಾಧೀಶರು ಆದೇಶದಲ್ಲಿ ಬರೆಯಲಿ. ದೂರದೂರಿನ ನಾದಿನಿ ಅಲ್ಲಿಗೇ ಬಚಾವಾಗುತ್ತಾಳೆ. ಲಾಠಿ ಹಿಡಿದವನು ಬಚಾವಾಗುವುದಿಲ್ಲ.

ಸಮಯದ ಪ್ರಶ್ನೆಯೂ ಇದೆ. 2022ರ ಡಿಸೆಂಬರ್ 5ರ ಸಂವಿಧಾನ ಪೀಠದ ತೀರ್ಪಿನಂತೆ, ಆರೋಪಿಗಳು ತಪ್ಪಿತಸ್ಥರಾದರೆ ಶಿಕ್ಷೆ ವಿಧಿಸುವ ಮುನ್ನ, ಖುಲಾಸೆಯಾದರೆ ಆ ಆದೇಶಕ್ಕೆ ಮುನ್ನ ಈ ಅಧಿಕಾರ ಬಳಸಬೇಕು. ಆ ಬಳಿಕ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಸಂತ್ರಸ್ತರ ಕುಟುಂಬಗಳು ತೀರ್ಪಿನ ದಿನದವರೆಗೆ ಕಾಯಬಾರದು. ಸರಕಾರಿ ಅಭಿಯೋಜಕರಿಗೆ ನೆರವಾಗಲು ಕೋರ್ಟಿನ ಅನುಮತಿ ಪಡೆದು ಸ್ವಂತ ವಕೀಲರನ್ನು ನೇಮಿಸುವ ಅವಕಾಶ 2009ರ ಕೊನೆಯಿಂದ ಸಂತ್ರಸ್ತರಿಗಿದೆ. ಬಿಟ್ಟುಹೋದವನ ಹೆಸರನ್ನು ಸಾಕ್ಷಿ ಕೋರ್ಟಿನಲ್ಲಿ ನುಡಿದ ಕೂಡಲೇ ಅರ್ಜಿ ಸಲ್ಲಿಕೆಯಾಗಲಿ. ಅದನ್ನು ಒಪ್ಪುವುದೋ ಬಿಡುವುದೋ ನ್ಯಾಯಾಧೀಶರಿಗೆ ಬಿಟ್ಟದ್ದು. ಆದರೆ ಆ ಪ್ರಶ್ನೆಗೆ ಉತ್ತರ ಠಾಣೆಯಿಂದಲ್ಲ, ನ್ಯಾಯಪೀಠದಿಂದ ಬರಲಿ.