ಭೀಮೆಯ ದುಂಡು ಹಡಗು

ಮಕ್ಕಳೇ, ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಕಡಲಿಲ್ಲ, ಹಡಗೂ ಇಲ್ಲ. ಆದರೆ ಭೀಮಾ ನದಿ ಇದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಅದನ್ನು ಕೂಡುತ್ತದೆ. ಹೊಳೆ ಇದ್ದ ಮೇಲೆ ದಾಟಿಸುವವರು ಬೇಕಲ್ಲ! ನಮ್ಮ ನಾಡಿನ ಹೊಳೆಗಳಲ್ಲಿ ಆ ಕೆಲಸಕ್ಕೆ ನಿಂತದ್ದು ಹರಿಗೋಲು.

ಇದಕ್ಕೆ ಮುಂದಿಲ್ಲ, ಹಿಂದಿಲ್ಲ. ಬಿದಿರಿನ ಸೀಳುಗಳನ್ನು ಹೆಣೆದು, ಅಂಚು ಮೇಲೆತ್ತಿ ಕಟ್ಟಿದ ದೊಡ್ಡ ಬುಟ್ಟಿ, ಅಷ್ಟೆ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ತಳ ಚಪ್ಪಟೆಯಾದ್ದರಿಂದ ತೆಳುನೀರಿನಲ್ಲೂ ತೇಲುತ್ತದೆ. ಬಂಡೆ ತಾಗಿದರೆ ಬಿದಿರು ಬಾಗಿಕೊಡುತ್ತದೆ. ಸಣ್ಣ ಹರಿಗೋಲನ್ನಂತೂ ಕೆಲಸ ಮುಗಿದ ಮೇಲೆ ಒಬ್ಬನೇ ಬೆನ್ನಿಗೇರಿಸಿ ಒಯ್ಯಬಹುದು. ಯಾವ ಕಡಲ ಹಡಗಿಗೆ ಇದು ಸಾಧ್ಯ, ಹೇಳಿ?

ಜನ, ಜೋಳದ ಚೀಲ, ಮೀನಿನ ಬಲೆ, ಎಲ್ಲಕ್ಕೂ ಇದೇ ವಾಹನ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಹೊಳೆಯಲ್ಲಿ ಇದನ್ನು ಕಂಡು ಬರೆದಿಟ್ಟ: 15-20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ; ಆದರೆ ಸದಾ ತಿರುಗುತ್ತಲೇ ಇರುತ್ತದೆ ಎಂದು. ತಿರುಗುವುದು ನಿಜವೇ. ಒಂದೇ ಹುಟ್ಟು ಹಿಡಿದು, ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾ ಅದನ್ನು ಆಚೆ ದಡಕ್ಕೆ ಮುಟ್ಟಿಸುವುದರಲ್ಲೇ ಅಂಬಿಗನ ಜಾಣ್ಮೆ ಇರುವುದು. ನನ್ನ ಮಟ್ಟಿಗೆ ದೊಡ್ಡ ಹಡಗಿನ ಕಪ್ತಾನನಿಗಿಂತ ಇವನೇನೂ ಕಡಿಮೆಯಲ್ಲ.

ಈಗ ಕಲಬುರಗಿಯಿಂದ ಜೇವರ್ಗಿಗೆ ಬಸ್ಸು ಸೇತುವೆಯ ಮೇಲೇ ಭೀಮೆಯನ್ನು ದಾಟುತ್ತದೆ. ಎಲ್ಲಾದರೂ ಹರಿಗೋಲು ಹತ್ತಿದರೆ ಎದ್ದು ನಿಲ್ಲಬೇಡಿ. ಹೊಳೆ ತುಂಬಿದ್ದರೆ ಹತ್ತಲೇಬೇಡಿ.