ಬಿಸಿಯೂಟದ ಮೊಟ್ಟೆ: ಗೆದ್ದದ್ದೆಲ್ಲಿ, ಸೋತದ್ದೆಲ್ಲಿ

2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಪಾಠದ ಜೊತೆ ಬಿಸಿಯೂಟವೂ ನಿಂತುಹೋಯಿತು. ಅದರ ಬದಲು ಅಕ್ಕಿ, ಬೇಳೆ ಮನೆಗೆ ಹೋದವು. ಕೂಲಿಯಿಲ್ಲದೆ ಕೂತ ಮನೆಯಲ್ಲಿ ಆ ಅಕ್ಕಿ ಎಲ್ಲರ ಪಾಲಾಗುವುದು ಸಹಜ, ಅದು ತಪ್ಪೂ ಅಲ್ಲ. ಆದರೆ ಮಗುವಿನ ಪಾಲು ಮಗುವಿಗೇ ಸಿಗುವ ಖಾತ್ರಿ ಇದ್ದದ್ದು ಶಾಲೆಯ ಪಂಕ್ತಿಯಲ್ಲಿ. ಕೊರೊನಾ ನಂತರ ಕರ್ನಾಟಕ ಕೈಗೊಂಡ ಕೆಲಸಗಳಲ್ಲಿ ಬಿಸಿಯೂಟದ ಮೊಟ್ಟೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದಕ್ಕಾಗಿಯೇ. ಬೇಯಿಸಿ, ಸಿಪ್ಪೆ ಸುಲಿದು ತಟ್ಟೆಗೆ ಹಾಕಿದ್ದನ್ನು ಮಗು ಅಲ್ಲೇ ಕೂತು ತಿನ್ನುತ್ತದೆ.

2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಇದು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ನಮಗೆ ಮೊಟ್ಟೆ ಬೇಕೇ ಬೇಕು ಎಂದು ನೇರವಾಗಿ ಕೇಳಿದಳು. ಆ ವಾದದಲ್ಲಿ ಹಸಿದವರ ಮಾತು ಕೇಳಿಸಿದ್ದು ಅವಳಿಂದ. ಸರ್ಕಾರ ಹಿಂದೆ ಸರಿಯಲಿಲ್ಲ. ಯೋಜನೆ ಎಲ್ಲ ಜಿಲ್ಲೆಗೂ ಹಬ್ಬಿತು, 2023ರಲ್ಲಿ ಹತ್ತನೇ ತರಗತಿವರೆಗೂ ಬೆಳೆದು ವಾರಕ್ಕೆ ಎರಡು ಮೊಟ್ಟೆಯಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ವಾರದ ಆರೂ ದಿನಕ್ಕೆ ಏರಿತು.

ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುತ್ತಾರೆ. ಒತ್ತಾಯ ಮಾಡದಿರುವುದು ಸರಿ. ಆದರೆ ಎರಡೂ ಒಂದೇ ಎಂಬಂತೆ ನಡೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಜೊತೆಗೆ ವಿಟಮಿನ್ ಎ, ಬಿ12 ಇವೆ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು, ಬಿ12 ಇಲ್ಲವೇ ಇಲ್ಲ. ಅನ್ನ, ಸಾರು ಉಂಡು ಬೆಳೆಯುವ ಬಡಮನೆಯ ಮಗುವಿಗೆ ಕೊರತೆಯಾಗಿರುವುದೇ ಇವು. ಕ್ಷೀರಭಾಗ್ಯದ ಹಾಲು 2013ರಿಂದ ಶಾಲೆಯಲ್ಲಿದೆ. ಮೊಟ್ಟೆ ತಿನ್ನದ ಮಕ್ಕಳಿಗೆ ಇನ್ನೊಂದು ಲೋಟ ಹಾಲು ಕೊಡುವುದು ಕಷ್ಟದ ಮಾತಲ್ಲ, ಯಾರೂ ಆಕ್ಷೇಪಿಸುವ ಮಾತೂ ಅಲ್ಲ.

ಇದಕ್ಕಿಂತ ದೊಡ್ಡ ಕೊರತೆ ವಯಸ್ಸಿನದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತಿಲ್ಲ. ಆ ವಯಸ್ಸಿನ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಇಲ್ಲಿ ಆ ಲೆಕ್ಕ ತೆಗೆದದ್ದು ಕೊರೊನಾ ಬರುವುದಕ್ಕೂ ಮೊದಲು. ಎತ್ತರ ಕುಗ್ಗುವುದು ಹೆಚ್ಚಾಗಿ ಬಸುರಿನಿಂದ ಹಿಡಿದು ಎರಡು ವರ್ಷ ತುಂಬುವುದರೊಳಗೆ. ಒಂದನೇ ತರಗತಿಗೆ ಬರುವ ಹೊತ್ತಿಗೆ ಆ ಕಾಲ ದಾಟಿರುತ್ತದೆ. ರಕ್ತಹೀನತೆಯನ್ನು ಮೊಟ್ಟೆಯೊಂದೇ ನೀಗಿಸಲಾರದು, ಅದರ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಹಾಗೆಂದು ಶಾಲೆಯ ಮೊಟ್ಟೆ ವ್ಯರ್ಥವಲ್ಲ. ಹರೆಯಕ್ಕೆ ಕಾಲಿಡುವ ಹುಡುಗಿಯರಿಗಂತೂ ಅದು ತೀರಾ ಅಗತ್ಯ. ಶಾಲೆಗೆ ತೋರಿದ ಹುರುಪನ್ನು ಅಂಗನವಾಡಿಗೂ ತೋರಬೇಕು ಎಂಬುದಷ್ಟೇ ನನ್ನ ತಕರಾರು.

ಇನ್ನು ದುಡ್ಡು. ಒಂದು ಮೊಟ್ಟೆಗೆ 6 ರೂಪಾಯಿ ಎಂದು ಗೊತ್ತು ಮಾಡಿದ್ದರಲ್ಲಿ ಖರೀದಿ, ಸಾಗಣೆ, ಗ್ಯಾಸ್, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಸೇರಿವೆ. ಚಳಿಗಾಲದಲ್ಲಿ ಮೊಟ್ಟೆಯ ಬೆಲೆಯೇ ಅದನ್ನು ಮೀರಿದಾಗ ಕೈಯಿಂದ ಹಾಕುವವರು ಮುಖ್ಯ ಶಿಕ್ಷಕರು. ಮಕ್ಕಳ ಊಟದ ಲೆಕ್ಕ ಸರಿದೂಗಿಸುವ ಹೊಣೆ ಮೇಷ್ಟ್ರ ಸಂಬಳದ ಮೇಲೆ ಬೀಳುವುದು ಅನ್ಯಾಯ. ಪೇಟೆಯ ದರ ಏರಿದಂತೆ ಈ ದರವೂ ತಾನಾಗಿ ಏರುವ ನಿಯಮ ಬೇಕು. ವಾರದ ನಾಲ್ಕು ದಿನದ ಮೊಟ್ಟೆಗಳು ನಿಂತಿರುವುದು ಫೌಂಡೇಶನ್ ಮೂರು ವರ್ಷಕ್ಕೆಂದು ಕೊಟ್ಟ ಸುಮಾರು 1,500 ಕೋಟಿ ರೂಪಾಯಿಯ ಮೇಲೆ. ಆ ಗಡುವು ಮುಗಿಯುವ ಮೊದಲೇ ಆರೂ ದಿನದ ಖರ್ಚು ರಾಜ್ಯದ ಬಜೆಟ್‌ನಲ್ಲಿ ಕಾಣಿಸಿಕೊಳ್ಳಬೇಕು.